ಬಾಗಿಲಿಗೆ ಬಂದ ಬಣ್ಣ

ಹಳೆಯ ಮನೆಯನ್ನು ರಿಪೇರಿ ಮಾಡಿಸಹೊರಟವನಿಗೆ ಊರಿನವರೆಲ್ಲರೂ ಸಲಹೆಗಾರರು. ನಮ್ಮ ತಾತನ ಕಾಲದ ಮನೆಯೊಂದು ಕೊಳ್ಳೇಗಾಲದಲ್ಲಿದೆ. ತೊಟ್ಟಿಯ ಮನೆಯೆಂದು ಹೇಳಿಕೊಳ್ಳುವಷ್ಟು ದೊಡ್ಡದೇನಲ್ಲ. ಬೀದಿಗೆ ಒಂದು ಜಗಲಿ, ಒಳಗೆ ಹಿಂದೆ ಮಗ್ಗವಿದ್ದ ಪಡಸಾಲೆ, ಅದರಾಚೆ ಅಡಿಗೆಯ ಮನೆ, ಹಿತ್ತಿಲು, ಇಷ್ಟೆ. ಮಾಡು ಸೋರುತ್ತಿತ್ತು. ಕಳೆದ ಬೇಸಗೆಯ ರಜದಲ್ಲಿ ಹೆಂಚುಗಳನ್ನು ಇಳಿಸಿ, ಹುಳು ಹಿಡಿದ ಜಂತೆಗಳನ್ನು ಬದಲಾಯಿಸಿ, ಗೋಡೆಗೆ ಸುಣ್ಣ ಹೊಡೆಸಿ, ಕಟ್ಟಕಡೆಗೆ ತಲೆಬಾಗಿಲಿನ ಮುಂದೆ ಬಂದು ನಿಂತೆವು.

ಬಾಗಿಲಿಗೆ ಕಾಫಿಪುಡಿಯ ಬಣ್ಣದ ಎನಾಮಲ್ ಪೇಂಟು. ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ ಹಬ್ಬಕ್ಕೆಂದು ನಾನೇ ನಿಂತು ಬಳಿಸಿದ್ದು ಅದು. ಅಗುಳಿಯ ಬಳಿ ಆ ಬಣ್ಣ ಚಕ್ಕೆಯೆದ್ದು ಒಳಗಿನ ಬೂದುನೀಲಿ ಕಾಣುತ್ತಿತ್ತು. ಅದೂ ಎದ್ದ ಕಡೆ ಇನ್ನೂ ಒಳಗೆ ಗಿಳಿಹಸುರು. “ಇನ್ನೊಂದು ಕೋಟು ಎಳೆದುಬಿಡಿ” ಎಂದರು ಒಬ್ಬರು. “ಕಿತ್ತುಹಾಕಿ ಹೊಸ ಬಾಗಿಲು ಇಡಿಸಿ” ಎಂದರು ಮತ್ತೊಬ್ಬರು. ಮೂರನೆಯವರು, ಹಳೆಯ ಬಾಗಿಲುಗಳನ್ನು ಕೊಂಡು ಬೆಂಗಳೂರಿಗೆ ಸಾಗಿಸುವ ವ್ಯಾಪಾರಿಯೊಬ್ಬನ ವಿಳಾಸವನ್ನೇ ಕೊಟ್ಟರು. ನಾವು ಈ ಮೂರನ್ನೂ ಬಿಟ್ಟು, ಬಣ್ಣವನ್ನು ಸುಲಿದು ಮರವನ್ನು ಮತ್ತೆ ಬೆಳಕಿಗೆ ತರುವುದೆಂದು ನಿಶ್ಚಯಿಸಿದೆವು. “ತೇಗದ ಬಾಗಿಲು” ಎಂಬುದು ನಮ್ಮ ಮನೆತನದ ಚಿಕ್ಕದೊಂದು ಹೆಮ್ಮೆ. ಆ ಹೆಮ್ಮೆ ಕಣ್ಣಿಗೆ ಕಾಣಲಿ ಎಂಬ ಆಸೆ.

ನಾನು ಪಾಠ ಹೇಳುವುದು ಕನ್ನಡ, ಇತಿಹಾಸವಲ್ಲ. ಆದರೂ ಒಂದು ರೂಪಾಯಿ ನಾಣ್ಯದಷ್ಟೂ ದಪ್ಪವಿಲ್ಲದ ಆ ಬಣ್ಣದ ಪದರವನ್ನು ದಾಟಲು ನನಗೆ ಇಡೀ ಒಂದು ರಜ ಹಿಡಿಯಿತು. ಆ ಹೊತ್ತಿನಲ್ಲಿ ಕೇಳಿದ, ಓದಿದ, ಕಂಡ ಸಂಗತಿಗಳು ಹಳೆಯ ಮನೆಯಿರುವ ಇತರರಿಗೂ ಉಪಯೋಗಕ್ಕೆ ಬಂದಾವೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೇಳಬೇಕಾದ ಮಾತೆಂದರೆ, ನಮ್ಮ ಹಿಂದಿನವರು ಮನೆಯ ಮರಕ್ಕೆ ಬಣ್ಣ ಬಳಿಯುತ್ತಿದ್ದುದು ಕಡಮೆ. ಬಣ್ಣ ಗೋಡೆಗೆ: ಸುಣ್ಣ ಮತ್ತು ಜಾಜು. ಹೊಸಿಲಿಗೆ ಅರಿಸಿನ ಕುಂಕುಮ. ಮರಕ್ಕೆ ಸಲ್ಲುತ್ತಿದ್ದುದು ಎಣ್ಣೆ. ದೀಪದ ಬಟ್ಟಲಿನಲ್ಲಿ ಉಳಿದ ಎಣ್ಣೆಯನ್ನು ಬಟ್ಟೆಯ ತುಂಡಿಗೆ ಅದ್ದಿ ಹಬ್ಬದ ಹಿಂದಿನ ದಿನ ಬಾಗಿಲಿಗೂ ಕಂಬಕ್ಕೂ ತಿಕ್ಕುವರು. ಗೆದ್ದಲು ಬರುವ ಕಡೆ ಗೇರೆಣ್ಣೆ. ಇನ್ನು ಜಂತೆಗಳಿಗೆ ಒಲೆಯ ಹೊಗೆಯೇ ಔಷಧ. ಹೀಗೆ ಎಣ್ಣೆ, ಹೊಗೆ, ಮನುಷ್ಯರ ಕೈ ಇವು ಮೂರೂ ಸೇರಿ ಮರಕ್ಕೆ ಒಂದು ಕಪ್ಪು ಹೊಳಪನ್ನು ಕೊಡುತ್ತಿದ್ದುವು. ಮರಕ್ಕೆ ಬಣ್ಣ ಬೇಕಾದಾಗ ಅದು ದೇವರ ವಾಹನಕ್ಕೆ, ಮಗುವಿನ ತೊಟ್ಟಿಲಿಗೆ, ಆಟದ ಗೊಂಬೆಗೆ. ಅಲ್ಲಿ ಬಳಸುತ್ತಿದ್ದ ಮುಖ್ಯ ವಸ್ತು ಅರಗು. ಚನ್ನಪಟ್ಟಣದವರು ಇಂದಿಗೂ ಹಾಲೆಮರದ ತುಂಡನ್ನು ಚರಕಿಗೆ ಕೊಟ್ಟು, ಅದು ಗಿರ್ರನೆ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರವನ್ನು ಅಪ್ಪುತ್ತದೆ. ಅರಗು ಎಂದೊಡನೆ ಕನ್ನಡಿಗನಿಗೆ ನೆನಪಾಗುವುದು ಪಾಂಡವರ ಅರಗಿನ ಮನೆ. ಚೆಂದವಾಗಿ ಕಾಣುವ ಹೊರಮೈಯ ಕೆಳಗೆ ಅಪಾಯ ಅಡಗಿರಬಹುದೆಂಬ ಆ ಕಥೆಯ ಪಾಠ ನನಗೆ ಈ ಬಾಗಿಲಿನ ಕೆಲಸದಲ್ಲೇ ಮತ್ತೊಮ್ಮೆ ತಿಳಿಯಬೇಕಾಗಿ ಬಂತು; ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಸೀಮೆಯ ಮರದ ಕಥೆಗೂ ರಾಜ್ಯದ ಕಥೆಗೂ ನಂಟುಂಟು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡಾಗ ಕೊಳ್ಳೇಗಾಲ ಕಂಪನಿಯ ಪಾಲಿಗೆ ಹೋಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಇತ್ತ ಹದಿನೈದಿಪ್ಪತ್ತು ಕಿಲೋಮೀಟರು ದೂರದ ಯಳಂದೂರು ಮೈಸೂರಿನಲ್ಲೇ ಉಳಿದು, ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದಿತು. ಹಾಗೆ ಒಂದೇ ಮಾತು, ಒಂದೇ ಮಾದೇಶ್ವರ, ಒಂದೇ ಕಾಡು ಇದ್ದ ಜನ ೧೫೭ ವರ್ಷ ಎರಡು ಸರ್ಕಾರಗಳ ಕೆಳಗೆ ಬಾಳಿದರು. ಅದೇ ಸೋಲಿನ ಫಲವಾಗಿ ಮರವೂ ಸ್ಥಾನ ಬದಲಾಯಿಸಿತು: ಶ್ರೀರಂಗಪಟ್ಟಣದ ಅರಮನೆಯ ತೊಲೆಗಳನ್ನು ನೀಲಗಿರಿಯ ಮೇಲಕ್ಕೆ ಸಾಗಿಸಿ, ೧೮೨೯ರಲ್ಲಿ ಅಸ್ತಿಭಾರ ಹಾಕಿದ ಉದಕಮಂಡಲದ ಸೇಂಟ್ ಸ್ಟೀಫನ್ಸ್ ಇಗರ್ಜಿಗೆ ಕೂಡಿಸಿದರು. ಸುಲ್ತಾನನ ಛಾವಣಿಯನ್ನು ಹೊತ್ತ ಮರ ಇಂದಿಗೂ ಅಲ್ಲಿ ಏಸುವಿನ ಛಾವಣಿಯನ್ನು ಹೊತ್ತಿದೆ. ಒಳ್ಳೆಯ ಮರದ ಆಯುಸ್ಸು ಅದನ್ನು ಕಡಿಸಿದವರ ಆಯುಸ್ಸಿಗಿಂತ ಬಲು ದೊಡ್ಡದು.

ಆ ಹಂಚಿಕೆಯ ಮರುವರ್ಷ, ೧೮೦೦ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿಯ ಅಪ್ಪಣೆಯಂತೆ ನಮ್ಮ ನಾಡನ್ನು ಸುತ್ತಲು ಹೊರಟ. ಕೊಳ್ಳೇಗಾಲ, ಹನೂರುಗಳನ್ನು ಹಾದು ಕಾಡುದಾರಿಯಲ್ಲಿ ಕಾವೇರಿಪುರದ ಕಡೆಗೆ ಇಳಿದ. ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಬೆಳೆ, ಮಣ್ಣು, ನೇಯ್ಗೆ, ಕಾಡಿನ ಮರ ಎಲ್ಲಕ್ಕೂ ಲೆಕ್ಕವುಂಟು. ಗೆದ್ದ ರಾಜ್ಯದಲ್ಲಿ ಏನೇನು ಸಿಕ್ಕುತ್ತದೆಂದು ತಿಳಿಯುವುದೇ ಆ ಪ್ರಯಾಣದ ಉದ್ದೇಶ. ಆಮೇಲಿನ ನೂರೈವತ್ತು ವರ್ಷ ನಮ್ಮ ಕಾಡಿನ ದೊಡ್ಡ ಮರಗಳ ಗತಿ ಏನಾಯಿತೆಂಬುದನ್ನು ಹನೂರಿನ ಆಚೆ ಬಸ್ಸಿನಲ್ಲಿ ಹೋದವರು ಕಣ್ಣಾರೆ ಕಾಣಬಹುದು. ಬಿಳಿಗಿರಿರಂಗನ ಬೆಟ್ಟ ೨೦೧೧ರಲ್ಲಿ ಹುಲಿಗಳ ರಕ್ಷಿತಾರಣ್ಯವಾಯಿತು. ಮಲೆಮಹದೇಶ್ವರ ಬೆಟ್ಟದ ಕಾಡು ೨೦೧೩ರಲ್ಲಿ ವನ್ಯಜೀವಿಧಾಮವಾಯಿತು. ಅದು ಒಳ್ಳೆಯದೇ ಆಯಿತು. ಆದುದರಿಂದ ಹಳೆಯ ಬಾಗಿಲಿನಲ್ಲಿರುವಂಥ ಮರ ನಮಗೆ ಮತ್ತೆ ಸುಲಭವಾಗಿ ದೊರೆಯತಕ್ಕದ್ದಲ್ಲ. ಇದ್ದುದನ್ನು ಉಳಿಸಿಕೊಳ್ಳಬೇಕು.

ಈಗ ಬಣ್ಣದ ಡಬ್ಬಿಯ ಕಥೆ. ಮೊದಲು ಇಲ್ಲಿಗೆ ಬಂದುದು ವಿಲಾಯತಿ ಬಣ್ಣ. ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದು, ಸರ್ಕಾರಿ ಕಟ್ಟಡ, ರೈಲು, ಸೇತುವೆ, ಸಾಹೇಬರ ಬಂಗಲೆಗಳಿಗೆ ಬಳಿಯುತ್ತಿದ್ದರು. ೧೯೦೨ರಲ್ಲಿ ಕಲ್ಕತ್ತೆಯ ಬಳಿ ಶಾಲಿಮಾರ್ ಕಾರ್ಖಾನೆ ಪ್ರಾರಂಭವಾಯಿತು. ೧೯೪೨ರಲ್ಲಿ ಮುಂಬಯಿಯಲ್ಲಿ ಏಷ್ಯನ್ ಪೇಂಟ್ಸ್. ಡಬ್ಬಿ ಪಟ್ಟಣದಿಂದ ಸಂತೆಯ ಊರಿಗೆ ಬಂತು. ೧೯೫೪ರಲ್ಲಿ ಏಷ್ಯನ್ ಪೇಂಟ್ಸಿನವರಿಗಾಗಿ ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್ ಬರೆದ ಗಟ್ಟು ಎಂಬ ತುಂಟ ಹುಡುಗನನ್ನು, ಕೈಯಲ್ಲಿ ಬಣ್ಣ ಸುರಿಯುವ ಡಬ್ಬಿ ಮತ್ತು ಕುಂಚ ಹಿಡಿದವನನ್ನು, ವಯಸ್ಸಾದ ಓದುಗರು ಮರೆತಿರಲಾರರು. ಎಣ್ಣೆ ತಿಕ್ಕಿದ ಮರ ಬಡವರ ಮನೆಯದೆಂದೂ ಬಣ್ಣ ಬಳಿದ ಮರ ಅನುಕೂಲಸ್ಥರ ಮನೆಯದೆಂದೂ ಜನ ಎಣಿಸತೊಡಗಿದರು. ಬಂಗಲೆಯ ಕಿಟಕಿಯಲ್ಲಿ ಕಂಡ ಹಸುರು ನಮ್ಮ ಬೀದಿಯ ಬಾಗಿಲಿಗೂ ಬಂತು.

ಕೆಲಸಕ್ಕೆ ಮೊದಲ ದಿನ ಬಂದ ಹುಡುಗರಿಬ್ಬರು ಬಾಗಿಲನ್ನು ಜಗಲಿಯ ಮೇಲೆ ಮಲಗಿಸಿ ಯಂತ್ರದ ಉಪ್ಪುಕಾಗದದಿಂದ ಉಜ್ಜತೊಡಗಿದರು. ಅರ್ಧ ಗಂಟೆಯಲ್ಲಿ ಜಗಲಿಯೆಲ್ಲ ಹಸುರು ಧೂಳು. ನನ್ನ ಚಿಕ್ಕ ಮಗಳು ಆ ಧೂಳಿನಲ್ಲಿ ಬೆರಳಿನಿಂದ ರಂಗೋಲಿ ಬರೆಯುತ್ತಿದ್ದಳು. ಅಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮಿತ್ರರು ಒಳಗೆ ಬಂದು, ಮಾತು ಕೂಡ ಆಡದೆ ಮಗುವನ್ನು ಎತ್ತಿಕೊಂಡು ನಲ್ಲಿಯ ಬಳಿಗೆ ಹೋಗಿ ಕೈ ತೊಳೆಸಿದರು. ಆಮೇಲೆ ಹೇಳಿದರು: “ಹಳೇ ಬಣ್ಣದಲ್ಲಿ ಸೀಸ ಇರ್ತದೆ, ಮೇಷ್ಟ್ರೇ.”

ಮರುದಿನ ಅವರು ಪ್ರಯೋಗಶಾಲೆಯಿಂದ ಸೋಡಿಯಂ ಸಲ್ಫೈಡಿನ ತಿಳಿದ್ರಾವಣವನ್ನು ಒಂದು ಸೀಸೆಯಲ್ಲಿ ತಂದರು. ಗಿಳಿಹಸುರಿನ ಕೆಳಗೆ, ಮರಕ್ಕೆ ಅಂಟಿಕೊಂಡಂತೆ, ಒಂದು ಬಿಳಿಯ ಮೊದಲ ಲೇಪವಿತ್ತು. ಅದನ್ನು ಚೂರಿಯಿಂದ ಕೆರೆದು ಅದರ ಮೇಲೆ ಒಂದು ಹನಿ ಬಿಟ್ಟರು. ಬಿಳುಪು ನೋಡುತ್ತಿದ್ದಂತೆಯೇ ಕಾಡಿಗೆಯ ಹಾಗೆ ಕಪ್ಪಾಯಿತು. ಬಿಳಿ ಸೀಸವು ಗಂಧಕದೊಡನೆ ಕೂಡಿ ಕಪ್ಪಾಗುವ ಈ ಪರೀಕ್ಷೆ ಹಳೆಯದು, ಸರಳವಾದುದು. ಹಳೆಯ ಬಣ್ಣಗಳಲ್ಲಿ ಬಿಳುಪಿಗೆ ಬಿಳಿ ಸೀಸ, ಹಳದಿಗೆ ಸೀಸದ ಕ್ರೋಮೇಟು. ಆ ಹಳದಿಯನ್ನು ನೀಲಿಯೊಡನೆ ಬೆರಸಿದರೆ ಎಲ್ಲರೂ ಮೆಚ್ಚುತ್ತಿದ್ದ ಹಸುರು. ಬೇಗ ಒಣಗಲೆಂದು ಎಣ್ಣೆಗೂ ಸೀಸದ ಲವಣವನ್ನು ಸೇರಿಸುತ್ತಿದ್ದರು. ಬಣ್ಣ ಗಟ್ಟಿಯಾಗಿ ಅಂಟಿಕೊಂಡಿರುವ ತನಕ ಅಪಾಯ ಕಡಮೆ. ಧೂಳಾಗಿ ಎದ್ದರೆ, ಸುಟ್ಟು ಹೊಗೆಯಾದರೆ, ಅದು ಉಸಿರಿನಲ್ಲಿಯೂ ಮಕ್ಕಳ ಬೆರಳಿನಿಂದ ಬಾಯಲ್ಲಿಯೂ ಒಳಕ್ಕೆ ಹೋಗುತ್ತದೆ. ಬೆಳೆಯುವ ಮಗುವಿನ ಮಿದುಳಿಗೆ ಅದು ಮಾಡುವ ಕೇಡು ಮತ್ತೆ ಸರಿಹೋಗುವಂಥದಲ್ಲ. ಇಷ್ಟಿದ್ದರೆ ತೊಂದರೆಯಿಲ್ಲ ಎನ್ನುವಂಥ ಪ್ರಮಾಣವೇ ಸೀಸಕ್ಕೆ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇದು ಹೊಸದಾಗಿ ತಿಳಿದ ಸಂಗತಿಯೇನೂ ಅಲ್ಲ. ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಎಂಬ ವೈದ್ಯ, ಮಕ್ಕಳ ಸೀಸದ ವಿಷಕ್ಕೆ ಮನೆಯ ಬಣ್ಣವೇ, ಅದರಲ್ಲಿಯೂ ಜಗಲಿಯ ಕಟಾಂಜನಕ್ಕೆ ಬಳಿದ ಬಣ್ಣವೇ ಕಾರಣವೆಂದು ೧೯೦೪ರಲ್ಲಿಯೇ ಬರೆದ. ಕಟ್ಟಡಗಳ ಒಳಗಡೆ ಬಿಳಿ ಸೀಸದ ಬಣ್ಣವನ್ನು ನಿಷೇಧಿಸುವ ಒಪ್ಪಂದವೊಂದನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ೧೯೨೧ರಲ್ಲಿ ಜಿನೀವಾದಲ್ಲಿ ಅಂಗೀಕರಿಸಿತು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತುಪ್ಪಿಲ್ ವೆಂಕಟೇಶ್ ಅವರು ಎಷ್ಟೋ ವರ್ಷ ಈ ವಿಷಯವನ್ನೇ ಹಿಡಿದು ದುಡಿದರು. ಕೊನೆಗೆ, ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ ೯೦ ಭಾಗವನ್ನು ಮೀರಕೂಡದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದುದು ೨೦೧೭ರ ನವೆಂಬರ್ ೧ರಂದು. ಬ್ರಿಸ್ಬೇನಿನ ವೈದ್ಯ ಬರೆದ ೧೧೩ ವರ್ಷಗಳ ಮೇಲೆ! ಆದುದರಿಂದ ಅದಕ್ಕೆ ಹಿಂದಿನ ಯಾವ ಬಣ್ಣವನ್ನು ತೆಗೆಯುವಾಗಲೂ ಸೀಸವಿದೆಯೆಂದೇ ಭಾವಿಸಿ ನಡೆಯುವುದು ಮೇಲು.

ಯಂತ್ರವನ್ನು ನಿಲ್ಲಿಸಿದೆವು. ಮಗಳ ರಕ್ತವನ್ನು ಪರೀಕ್ಷೆ ಮಾಡಿಸಿದೆವು. ಭಯಪಡುವಂಥದೇನೂ ಇಲ್ಲವೆಂದು ತಿಳಿದ ದಿನ ನನಗೆ ಊಟ ಸೇರಿತು. ಇನ್ನೊಬ್ಬ ಕೆಲಸಗಾರ ಬಂದು, ಕಾಸ್ಟಿಕ್ ಸೋಡವನ್ನು ಸುಣ್ಣದೊಡನೆ ಕಲಸಿ ಮೆತ್ತಿದರೆ ಧೂಳೇ ಏಳದೆಂದ. ಚೌಕಟ್ಟಿನ ಒಂದು ಪಕ್ಕಕ್ಕೆ ಮೆತ್ತಿದ. ಬಣ್ಣವೇನೋ ಕೊಳೆತ ಸಿಪ್ಪೆಯಂತೆ ಕಳಚಿ ಬಂತು. ಜೊತೆಗೆ ಮರವೂ ಇದ್ದಲಿನ ಹಾಗೆ ಕಪ್ಪಗಾಯಿತು. ನೇಕಾರರ ಮನೆಯವನಾದ ನನಗೆ ಇದು ತಿಳಿದಿರಬೇಕಾಗಿತ್ತು. ಕಚ್ಚಾ ರೇಷ್ಮೆಯ ಮೇಲೆ ಹುಳು ಸುತ್ತಿದ ಅಂಟು ಇರುತ್ತದೆ. ಸಾಬೂನು ಮತ್ತು ಸೋಡದ ನೀರಿನಲ್ಲಿ ಹದವಾಗಿ ಬೇಯಿಸಿ ಆ ಅಂಟನ್ನು ಬಿಡಿಸಿದ ಮೇಲೆ ನೂಲಿಗೆ ಹೊಳಪು. ಕ್ಷಾರ ಒಂದಿಷ್ಟು ಹೆಚ್ಚಾದರೆ ಅಂಟಿನೊಡನೆ ನೂಲೂ ಸಾಯುತ್ತದೆ. ಮೇಲಿನದನ್ನು ತೆಗೆಯುವ ಶಕ್ತಿಗೆ ಒಳಗಿನದನ್ನು ಗುರುತಿಸುವ ವಿವೇಕ ಇರುವುದಿಲ್ಲ.

ಆಮೇಲೆ ಯಳಂದೂರಿಗೆ ಹೋಗಿ ವಯಸ್ಸಾದ ಆಚಾರಿಯೊಬ್ಬರನ್ನು ಕರೆತಂದೆ. ಗೌರೀಶ್ವರ ದೇವಾಲಯದ ಬಳೇಮಂಟಪವನ್ನು, ಅದರ ಕಲ್ಲಿನ ಬಳೆಗಳನ್ನು ನೋಡಿಕೊಂಡು ಬೆಳೆದವರು ಅವರು. ಕೈಗೆಲಸದಲ್ಲಿ ಅವಸರವೆಂಬುದನ್ನು ಅರಿಯರು. ಕಪ್ಪಾದ ಭಾಗವನ್ನು ಹುಣಿಸೆಯ ನೀರಿನಿಂದ ತೊಳೆಸಿದರು. ಕಪ್ಪು ಮುಕ್ಕಾಲು ಪಾಲು ಇಳಿಯಿತು. ಆಮೇಲೆ ನೆಲಕ್ಕೆ ಟಾರ್ಪಾಲು ಹಾಸಿ, ಮೂಗಿಗೆ ಬಟ್ಟೆಯಲ್ಲದೆ ಸರಿಯಾದ ಮುಖವಾಡವನ್ನೂ ಕಟ್ಟಿಸಿ, ಬಾಗಿಲನ್ನು ಸಾಬೂನಿನ ನೀರಿನಿಂದ ನೆನಸಿ ನೆನಸಿ ಅಲಗಿನಿಂದ ಕೆರೆದೆವು. ಮರ ಸಿಕ್ಕಿದ ಮೇಲೆ ಗಾಜಿನ ಚೂರು. ಒದ್ದೆ ಸಿಪ್ಪೆಯನ್ನೆಲ್ಲ ಚೀಲದಲ್ಲಿ ಕಟ್ಟಿಟ್ಟೆವು. ಉಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಸಿದೆವು. ದಿನಕ್ಕೆ ಒಂದು ಹಲಗೆ. ಅದಕ್ಕಿಂತ ಹೆಚ್ಚು ಸಾಗದು.

ನೆನಸಿದ ನೀರು ಹೊಸಿಲ ಕಡೆ ಹರಿದಾಗ ಕಷಾಯದ ಹಾಗೆ ಹಳದಿಗೆಂಪಾಗಿತ್ತು. ಆಚಾರಿ ಅದನ್ನು ನೋಡಿ ನಕ್ಕರು. “ಇದು ತ್ಯಾಗ ಅಲ್ಲ ಕಣಿ ಮೇಷ್ಟ್ರೇ. ಹೊನ್ನ.” ಹೊನ್ನೆಯ ಮರ ಒದ್ದೆಯಾದರೆ ಬಣ್ಣ ಬಿಡುತ್ತದೆ, ಸಕ್ಕರೆ ಕಾಯಿಲೆಯವರು ಆ ಮರದ ಲೋಟದಲ್ಲಿ ನೀರಿಟ್ಟು ಕುಡಿಯುವುದನ್ನು ಓದುಗರು ಕಂಡಿರಬಹುದು. ಹೊನ್ನೆ ಕೀಳಾದ ಮರವೇನಲ್ಲ; ಗಟ್ಟಿ, ಬಾಳಿಕೆಯದು. ಆದರೂ ಮೂರು ತಲೆಮಾರು ಹೇಳಿಕೊಂಡು ಬಂದ ತೇಗ ಅರ್ಧ ತಂಬಿಗೆ ನೀರಿನಲ್ಲಿ ಕರಗಿಹೋಯಿತು.

ಬಣ್ಣಗಳ ವಿಷಯದಲ್ಲಿಯೂ ನನ್ನ ಊಹೆಯೊಂದು ಹೀಗೆಯೇ ಕರಗಿತು. ಹಸುರು ಮದ್ರಾಸಿನ ಆಡಳಿತದ್ದು, ಬೂದುನೀಲಿ ೧೯೫೬ರ ನವೆಂಬರ್ ೧ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನದು, ಕಂದು ಬಣ್ಣ ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆಯಾದ ಸುಮಾರಿನದು ಎಂದು ಲೆಕ್ಕ ಹಾಕಿ, ಒಂದೊಂದು ಪದರಕ್ಕೆ ಒಂದೊಂದು ಸರ್ಕಾರವನ್ನು ಹಂಚಿಬಿಟ್ಟಿದ್ದೆ. ಕಾಲದ ಮಟ್ಟಿಗೆ ಇದು ತಪ್ಪಲ್ಲ. ಆದರೆ ನೀಲಿಯನ್ನು ಬಳಿದುದು ನಮ್ಮ ತಂದೆಯ ಮದುವೆಗೆ, ಕಂದನ್ನು ಬಳಿದುದು ಯುಗಾದಿಗೆ. ಸರ್ಕಾರ ಬದಲಾಯಿತೆಂದು ಯಾರೂ ಬಾಗಿಲಿಗೆ ಬಣ್ಣ ಬಳಿಯುವುದಿಲ್ಲ. ಹಾಗಾದರೆ 
ಮೊದಲ ಹಸುರು ಯಾವ ಸಂದರ್ಭಕ್ಕೆ ಬಂತು? ಅದಕ್ಕೆ ಉತ್ತರ ಬಾಗಿಲಿನ ಹಿಂಬದಿಯಲ್ಲಿತ್ತು.

ಹೊರಮೈ ಮುಗಿದು ಒಳಮೈಗೆ ಕೈಹಾಕಿದ ಎರಡನೆಯ ದಿನ, ಗಾಜಿನ ಚೂರು ಹಸುರನ್ನು ಕೆರೆದುಕೊಂಡು ಹೋದರೂ ಕೆಲವು ಕಡೆ ಅದು ತೆಳುಗೆರೆಗಳಾಗಿ ಮರದಲ್ಲಿ ಉಳಿಯುತ್ತಿತ್ತು. ಮೊದಲು ಮರದ ಬಿರುಕೆಂದುಕೊಂಡೆವು. ತೊಳೆದು ನೋಡಿದರೆ, ಚೂರಿಯ ಮೊನೆಯಿಂದ ಎಳೆದ ಗೀರುಗಳು: ನಾಲ್ಕು ನಿಂತವು, ಅವನ್ನು ಕತ್ತರಿಸುವಂತೆ ಅಡ್ಡಲಾಗಿ ಒಂದು. ಮತ್ತೆ ನಾಲ್ಕು, ಮತ್ತೆ ಒಂದು. ಅಗುಳಿಯ ಕೆಳಗಿಂದ ಮೊಣಕಾಲಿನ ಎತ್ತರದವರೆಗೆ ಸಾಲು ಸಾಲಾಗಿ ಹೀಗೆ ೧೪೩ ಗೀರುಗಳಿದ್ದುವು. “ಹತ್ತರಿ ಹೊಡುದ್ರ ಹೋಯ್ತದ, ಇಲ್ದಿದ್ರ ಪುಟ್ಟಿ ತುಂಬ್ಬುಡಾವ” ಎಂದರು ಆಚಾರಿ. ಪಾಲಿಷಿನ ಬಾಗಿಲಿಗೆ ಗೀರು ಶೋಭೆಯಲ್ಲ. ನಾನು ಒಂದು ದಿನದ ಗಡುವು ಕೇಳಿಕೊಂಡು, ಹನೂರಿನಲ್ಲಿರುವ ನಮ್ಮ ಸೋದರತ್ತೆಗೆ ಫೋನು ಮಾಡಿದೆ. ನಮ್ಮ ತಾತನ ಮಕ್ಕಳಲ್ಲಿ ಈಗ ಉಳಿದಿರುವವರು ಅವರೊಬ್ಬರೇ. ಗೀರುಗಳ ಮಾತು ಕೇಳಿ ಅವರು ಬಹಳ ಹೊತ್ತು ಸುಮ್ಮನಿದ್ದು, “ಅದ ಯಾಕ ಕೆರ್ದ್ರಿ?” ಎಂದರು. ಆಮೇಲೆ ಒಂದೊಂದಾಗಿ ಹೇಳಿದರು.

ನಮ್ಮ ತಾತ ಸಾಹುಕಾರರೊಬ್ಬರಿಗೆ ನೇಯುತ್ತಿದ್ದರು. ನೂಲು, ಜರಿ ಸಾಹುಕಾರರದು. ಮಗ್ಗ, ಮೈ, ಕಣ್ಣು ತಾತನದು. ಮುಂಗಡ ಪಡೆದ ಹಣಕ್ಕೆ ಕೂಲಿಯಲ್ಲಿ ಮುರಿದುಕೊಳ್ಳುವುದು. ಕೊಳ್ಳೇಗಾಲದ ರೇಷ್ಮೆ ಸೀರೆಗೆ ಮದ್ರಾಸಿನವರೆಗೆ ಹೆಸರಿತ್ತು. ಇಡೀ ಮದ್ರಾಸ್ ಪ್ರಾಂತದಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ತೆಗೆಯುವ ಮುಖ್ಯ ಸೀಮೆಯೇ ನಮ್ಮ ತಾಲ್ಲೂಕು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಷೂಟಿಗೆ ರೇಷ್ಮೆ ಬೇಕಾಗಿ ನೂಲಿನ ಬೆಲೆ ಏರಿತು. ಗೂಡು ಬೆಳೆದವನಿಗೆ ಅದು ಸುಗ್ಗಿ. ನೂಲು ಸಿಕ್ಕದೆ ಮಗ್ಗ ನಿಲ್ಲಿಸಿದ ನೇಕಾರನಿಗೆ ಸಾಲ. ಸಾಲದ ಲೆಕ್ಕ ಸಾಹುಕಾರರ ಪುಸ್ತಕದಲ್ಲಿತ್ತು. ನಮ್ಮ ತಾತನಿಗೆ ಓದುಬರಹ ಬರುತ್ತಿರಲಿಲ್ಲ.

ಈ ಮಾತನ್ನು ನಾನು ಈ ಮೊದಲು ಕೇಳಿರಲಿಲ್ಲ. “ತಾತ ಲೆಕ್ಕದಲ್ಲಿ ಗಟ್ಟಿಗ” ಎಂದು ನಮ್ಮ ತಂದೆ ಹೇಳುತ್ತಿದ್ದರು. ಆ ಲೆಕ್ಕ ಬಾಗಿಲಿನ ಹಿಂದೆ ಇದ್ದುದು. ಸಾಹುಕಾರರಿಗೆ ಒಂದು ಸೀರೆ ಒಪ್ಪಿಸಿ ಬಂದರೆ ಒಂದು ಗೀರು; ಪುಸ್ತಕದಲ್ಲಿ ಒಂದು ಸೀರೆ ಕಡಮೆ ಬಿದ್ದರೆ ವಾದ ಮಾಡಲು ತಾತನ ಬಳಿ ಇದ್ದ ಸಾಕ್ಷಿ ಇದೊಂದೇ. ಗಾಂಧೀಜಿ ತೀರಿಕೊಂಡ ಮಾರನೆಯ ವರ್ಷ, ಅಂದರೆ ೧೯೪೯ರಲ್ಲಿ, ಸಾಲ ತೀರಿತಂತೆ. ಅದೇ ವರ್ಷ ದೊಡ್ಡ ಸೋದರತ್ತೆಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಬಾಗಿಲು ಮುಚ್ಚಿದರೆ ಪಡಸಾಲೆಯಲ್ಲಿ ಕುಳಿತವರ ಕಣ್ಣಿಗೆ ನೇರವಾಗಿ ಬೀಳುವುದು ಆ ಗೀರುಗಳು. ಹಾಗೆ ಬಂತು, ನಮ್ಮ ಬೀದಿಯಲ್ಲೇ ಮೊದಲನೆಯದೆಂದು ಹೇಳಿಸಿಕೊಂಡ, ಆ ಗಿಳಿಹಸುರು ಬಣ್ಣ.

ಆ ರಾತ್ರಿ ನನಗೆ ಶ್ರೀರಂಗಪಟ್ಟಣದ ದರಿಯಾ ದೌಲತ್ ನೆನಪಾಯಿತು. ೧೭೮೪ರಲ್ಲಿ ಕಟ್ಟಿದ ಆ ಮಹಲಿನ ಪಡುಗೋಡೆಯ ಮೇಲೆ ೧೭೮೦ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಇಂಗ್ಲಿಷರು ಸೋತ ಯುದ್ಧ. ಕೊನೆಯ ಮುತ್ತಿಗೆಗೆ ಮುಂಚೆ ಆ ಚಿತ್ರವನ್ನು ಅಳಿಸಿದ್ದರು. ಆಮೇಲೆ ಆ ಮಹಲಿನಲ್ಲಿ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿ ಅದನ್ನು ಸರಿಮಾಡಿಸಿದ. ಮುಂದೆ ಮತ್ತೆ ಸುಣ್ಣ ಬಿತ್ತು. ಗವರ್ನರ್ ಜನರಲ್ ಡಾಲ್‌ಹೌಸಿ ಬಂದು ನೋಡಿ, ಹಳೆಯದನ್ನು ಬಲ್ಲ ಚಿತ್ರಗಾರನಿಂದ ಮತ್ತೆ ಬರೆಯಿಸಿದ. ಮುಚ್ಚಿದವರಿಗೆ ಒಂದು ಕಾರಣ, ತೆರೆದವರಿಗೆ ಇನ್ನೊಂದು. ಸೋತವರೇ ತಮ್ಮ ಸೋಲಿನ ಚಿತ್ರವನ್ನು ಬಿಡಿಸಿ ತೋರಿಸಲು ಗೆದ್ದವರ ಧೈರ್ಯ ಬೇಕು. ನಮ್ಮ ಮನೆಗೆ ಆ ಧೈರ್ಯವಿದೆಯೆ? ಅದಕ್ಕಿಂತ ಮುಖ್ಯವಾಗಿ, ತಾತ ಮುಚ್ಚಿದುದನ್ನು ತೆರೆದಿಡುವ ಹಕ್ಕು ನನಗಿದೆಯೆ?

ಇನ್ನೊಂದು ಯೋಚನೆಯೂ ಬಂತು. ಬಿ. ಎಲ್. ರೈಸ್ ೧೮೯೮ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಕದ ನಾಲ್ಕನೆಯ ಸಂಪುಟದಲ್ಲಿ ಯಳಂದೂರಿನ ಶಾಸನಗಳಿವೆ. ಕೊಳ್ಳೇಗಾಲ ಆಗ ಮದ್ರಾಸಿನದಾದುದರಿಂದ ಅದರ ಶಾಸನಗಳು ಅಲ್ಲಿಲ್ಲ. ಅವು ಸೇರಿದುದು ರಾಜ್ಯ ಒಂದಾದ ಮೇಲೆ ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ. ಕಲ್ಲಿನ ಮೇಲಿನ ಸುಣ್ಣವನ್ನು ಕೆರೆದು, ಸವೆದ ಅಕ್ಷರವನ್ನು ಬೆರಳಿನಿಂದ ತಡವಿ ಓದುವುದು ಹೇಗೆಂದು ನಾನು ವಿದ್ಯಾರ್ಥಿಗಳಿಗೆ ಪ್ರತಿವರ್ಷ ಹೇಳುತ್ತೇನೆ. ನಮ್ಮ ತಾತನ ಕೈಬರಹವೆಂಬುದು ಲೋಕದಲ್ಲಿರುವುದು ಈ ೧೪೩ ಗೀರುಗಳಷ್ಟೆ. ಅದಕ್ಕೆ ಹತ್ತರಿ ಹೊಡೆಸಿ ಪಾಠ ಹೇಳಲು ಹೋಗುವುದು ಹೇಗೆ?

ಮೂರನೆಯ ದಿನ ಸೋದರತ್ತೆಯೇ ಹನೂರಿನಿಂದ ಬಸ್ಸು ಹತ್ತಿ ಬಂದರು. ಕಾಫಿಯನ್ನೂ ಕುಡಿಯದೆ ಜಗಲಿಗೆ ಬಂದು ಬಾಗಿಲಿನ ಪಕ್ಕದಲ್ಲಿ ಕುಳಿತರು. ಕಣ್ಣು ಮಂದವಾಗಿದೆ, ಬೆರಳಿನಿಂದ ಗೀರುಗಳನ್ನು ಮೇಲಿಂದ ಕೆಳಗಿನವರೆಗೆ ತಡವಿದರು. ನಾವೆಲ್ಲ ಸುಮ್ಮನೆ ನಿಂತಿದ್ದೆವು.

“ಇಷ್ಟೇಯಾ?” ಎಂದರು. “ಇನ್ನೂ ಬಾಳಾ ಅವ ಅನ್ಕೊಂಡಿದ್ದಿ ನಾನು.”

ಆಗ ಎಂಟು ವರ್ಷದ ಹುಡುಗಿಯ ಕಣ್ಣಿಗೆ ಬಾಗಿಲ ತುಂಬ ಗೀರುಗಳೇ ಇದ್ದುವು. ಮುಕ್ಕಾಲು ನೂರು ವರ್ಷ ಅವು ಬಣ್ಣದ ಕೆಳಗೆ ಬೆಳೆಯುತ್ತಲೇ ಇದ್ದುವೆಂದು ತೋರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಆಚಾರಿಯ ಕಡೆ ತಿರುಗಿ, “ಒಳಗಡ ತಾನೆ, ಇರ್ಲಿ ಬುಡಪ್ಪ. ತೀರ್ಸಿದ್ ಸಾಲ ಅಲ್ವಾ” ಎಂದರು. ನನಗೆ ಹೊಳೆಯದ ಮಾತು ಅದು. ನಾನು ಆ ಗೀರುಗಳನ್ನು ಸಾಲವೆಂದು ಓದಿದ್ದೆ. ಒಂದೊಂದೂ ತೀರಿಸಿದ ಸಾಲ.

ಮುಂದಿನ ಕೆಲಸ ಸುಲಭ. ಒಣಗಿದ ಮರಕ್ಕೆ ನಯವಾದ ಉಪ್ಪುಕಾಗದವನ್ನು ಎಣ್ಣೆಯಲ್ಲಿ ನೆನಸಿ ಎಳೆದೆವು. ಬಿಸಿಲು ಮಳೆ ತಾಗುವ ಹೊರಮೈಗೆ ಅಗಸೆ ಎಣ್ಣೆಯನ್ನು ತೆಳ್ಳಗೆ, ಒಂದು ಒಣಗಿದ ಮೇಲೆ ಇನ್ನೊಂದರಂತೆ, ನಾಲ್ಕು ಸಲ. ಒಳಮೈಗೆ ಅರಗಿನ ಪಾಲಿಷು: ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಯನ್ನು ಬಟ್ಟೆಯಲ್ಲಿ ಕಟ್ಟಿ ಅದ್ದಿ, ಕೈಯನ್ನು ನಿಲ್ಲಿಸದೆ ಸುತ್ತು ಸುತ್ತಾಗಿ ಎಳೆಯುವುದು. ಅರಗು ನೀರನ್ನು ತಾಳದು, ಬೆಳ್ಳಗಾಗುತ್ತದೆ; ಆದುದರಿಂದಲೇ ಹೊರಕ್ಕೆ ಬೇಡ. ದಿನವೂ ನೀರು ಅರಿಸಿನ ಬೀಳುವ ಹೊಸಿಲಿಗೆ ಬರಿಯ ಎಣ್ಣೆ ಸಾಕು. ಅರಗಿನ ಮಾತು ಬಂದಾಗ ಮೈಸೂರನ್ನು ನೆನೆಯದಿದ್ದರೆ ತಪ್ಪಾದೀತು. ೧೯೩೭ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಸ್ಥಾಪನೆಯಾಯಿತು. ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಅದೇ. ೧೯೬೨ರ ಮಹಾಚುನಾವಣೆಯಿಂದ ಈಚೆಗೆ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿಂದಲೇ ಬರುತ್ತದೆ. ಕೆಲವು ಬಣ್ಣ ಮುಚ್ಚುವುದಕ್ಕೆ, ಕೆಲವು ಸಾಕ್ಷಿಗೆ.

ಬಾಗಿಲನ್ನು ಮತ್ತೆ ಚೌಕಟ್ಟಿಗೆ ಏರಿಸಿದ್ದಾಯಿತು. ಗೀರುಗಳಿಗೆ ಪುಟ್ಟಿ ತುಂಬಿಸಲಿಲ್ಲ. ಅವುಗಳಲ್ಲಿ ನಿಂತ ಹಸುರನ್ನೂ ಕೀಳಲಿಲ್ಲ. ಅರಗಿನ ಪದರ ಅದನ್ನು ಭದ್ರವಾಗಿ ಒಳಗೆ ಹಿಡಿದಿದೆ, ಯಾರ ಬೆರಳಿಗೂ ತಾಕುವುದಿಲ್ಲ. ಮುಚ್ಚಲೆಂದು ಬಳಿದ ಬಣ್ಣವೇ ಈಗ ಹೊನ್ನೆಯ ಕೆಂಪಿನ ಮೇಲೆ ಆ ಲೆಕ್ಕವನ್ನು ಎತ್ತಿ ತೋರಿಸುತ್ತದೆ. ಬಾಗಿಲು ಬೀದಿಗೆ ತೆರೆದಿದ್ದಾಗ ಅದು ಗೋಡೆಗೆ ಒರಗಿಕೊಳ್ಳುವುದರಿಂದ ಬಂದವರಿಗೆ ಕಾಣುವುದಿಲ್ಲ. ರಾತ್ರಿ ಅಗುಳಿ ಹಾಕುವವರಿಗೆ ಮಾತ್ರ ಕಾಣುತ್ತದೆ.

ಆ ವ್ಯಾಪಾರಿ ಒಮ್ಮೆ ಬಂದು ನೋಡಿ ಹೋದ. ಹೊರಮೈಯನ್ನು ಬಹಳ ಮೆಚ್ಚಿದ. ತೇಗವಲ್ಲವೆಂದು ನಾನೇ ಹೇಳಿದೆ. ಹಿಂಬದಿಯನ್ನು ನೋಡಿ, “ಈ ಗೀಟುಗಳನ್ನ ತೆಗೆಸಿದ್ರೆ ಇನ್ನೂ ಒಳ್ಳೆ ಬೆಲೆ ಬರ್ತಿತ್ತು” ಎಂದ. ಅವನ ಲೆಕ್ಕ ಅವನಿಗೆ.